ಮಾತುಗಾರರ ಮನೆಯ ಗುಂಡಮ್ಮ

ಆ ಮನೆಯಲ್ಲಿ ದೊಡ್ಡವರು ಮೂವರು, ಮೂವರಿಗೂ ಮಾತೇ ಬಂಡವಾಳ. ಅಪ್ಪನದು ಕ್ಷೌರದ ಅಂಗಡಿ. ಕತ್ತರಿ ನಿಂತರೂ ಇವನ ಬಾಯಿ ನಿಲ್ಲುವುದಿಲ್ಲ ಎಂದು ಗಿರಾಕಿಗಳು ನಗುತ್ತಿದ್ದರು. ಅಮ್ಮ ಬ್ಯಾಂಕೊಂದರ ಕಾಲ್ ಸೆಂಟರಿನಲ್ಲಿ ಕೂತು, ಮುಖ ಕಾಣದವರ ಸಿಟ್ಟನ್ನೆಲ್ಲ ಜೇನಿನಂಥ ದನಿಯಲ್ಲಿ ಇಳಿಸುವವಳು. ಅಮ್ಮನ ಅಮ್ಮ ಮಾತ್ರ ಸಂಬಳವಿಲ್ಲದೆ ಮಾತಾಡುತ್ತಿದ್ದಳು. ಇಂಥ ಮನೆಯಲ್ಲಿ ಹುಟ್ಟಿದ ಮಗುವಿಗೆ ಮೂರು ತುಂಬಿದರೂ ಒಂದು ಮಾತು ಬಂದಿರಲಿಲ್ಲ. ಹುಟ್ಟಿದಾಗ ಕೆನ್ನೆ ನೋಡಿ ಅಜ್ಜಿ ಗುಂಡಮ್ಮ ಎಂದು ಕರೆದಿದ್ದಳು. ಅದೇ ಉಳಿಯಿತು.

ಬರೀ ಮಾತಿನ ವಿಷಯವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೆಸರು ಹಿಡಿದು ಕೂಗಿದರೆ ಗುಂಡಮ್ಮ ತಿರುಗುತ್ತಿರಲಿಲ್ಲ. ಅಪ್ಪನ ಹಳೆಯ ಬಾಚಣಿಗೆಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿಕೊಂಡು ಕೂರುತ್ತಿದ್ದಳು. ಯಾರಾದರೂ ಒಂದನ್ನು ಸರಿಸಿದರೆ ಮನೆಯ ಸೂರು ಹಾರಿಹೋಗುವಂತೆ ಕಿರುಚುತ್ತಿದ್ದಳು. ಮಕ್ಕಳ ಡಾಕ್ಟರು ಅವಳನ್ನು ಬಹಳ ಹೊತ್ತು ನೋಡಿ, "ಆಟಿಸಂ ಇರಬಹುದು. ಒಂದು ಅಸೆಸ್‌ಮೆಂಟ್ ಮಾಡಿಸಿ. ಆಮೇಲೆ ಮುಂದಿನದು ಯೋಚನೆ ಮಾಡೋಣ" ಎಂದು, ನಡವಳಿಕೆಯ ಚಿಕಿತ್ಸೆ ಕೊಡುವ ಒಂದು ಕೇಂದ್ರದ ವಿಳಾಸ ಕೊಟ್ಟರು.

ಅಸೆಸ್‌ಮೆಂಟ್ ಎಂದರೆ ಪರೀಕ್ಷೆ ಎಂದು ಅಜ್ಜಿ ಅರ್ಥ ಮಾಡಿಕೊಂಡಳು. ಪರೀಕ್ಷೆ ಎಂದ ಮೇಲೆ ತಯಾರಿ ಬೇಡವೆ? ವಾರವಿಡೀ ಬಣ್ಣದ ಲೋಟಗಳನ್ನು ಹಿಡಿದು ಮೊಮ್ಮಗಳ ಹಿಂದೆ ಬಿದ್ದಳು.

"ಇದು ಕೆಂಪು. ಹೇಳು ನನ್ನ ಬಂಗಾರ, ಕೆಂಪು."

ಗುಂಡಮ್ಮ ಕೆಂಪು ಲೋಟವನ್ನು ಇಸಿದುಕೊಂಡು, ಅದರ ಅಂಚನ್ನು ಒಮ್ಮೆ ನೆಕ್ಕಿ, ಬೋರಲು ಹಾಕಿ ಹೊರಟುಹೋದಳು.

"ಗೊತ್ತು ಅವಳಿಗೆ. ಹೇಳೋದಿಲ್ಲ ಅಷ್ಟೇ, ಗಟ್ಟಿಗಿತ್ತಿ" ಎಂದಳು ಅಜ್ಜಿ. "ಅಳಿಯಂದಿರೇ, ನೀವೂ ಮೂರು ವರ್ಷದವರೆಗೆ ಮಾತಾಡಿರಲಿಲ್ಲ ಅಂತ ನಿಮ್ಮ ತಾಯಿ ಹೇಳ್ತಿದ್ರು."

"ಅದರ ಬಾಕಿ ಈಗ ತೀರಿಸ್ತಾ ಇದ್ದೀನಲ್ಲ ಅತ್ತೆ" ಎಂದ ಅಪ್ಪ. ನಗಿಸಲೆಂದು ಹೇಳಿದ್ದ, ಆದರೆ ಅವನ ಹೆಂಡತಿ ನಗಲಿಲ್ಲ. ಮಗುವಿಗೆ ಹೀಗಾಗಲು ನೀನೇನು ಮಾಡಿದೆ ಎಂದು ಅಲ್ಲಿ ತನ್ನನ್ನೇ ಕೇಳುತ್ತಾರೆ ಎಂಬ ಅಳುಕು ಅವಳಿಗೆ. ಮಗಳ ಹಣೆಗೆ ಒಂದು ಚೀಟಿ ಅಂಟಿಸಿ ಕಳಿಸುತ್ತಾರೆ ಎಂಬ ಭಯ ಅವನಿಗೆ. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಆ ದಿನ ಅಜ್ಜಿ ಗುಂಡಮ್ಮನಿಗೆ ಲೇಸು ಇಟ್ಟ ಹೊಸ ಫ್ರಾಕು ತೊಡಿಸಿ, ತಾನೂ ಹೊರಟು ನಿಂತಳು. ಬಾ ಎಂದು ಯಾರೂ ಕರೆದಿರಲಿಲ್ಲ, ಬೇಡ ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

ಕೇಂದ್ರ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಬಿಳಿ ಕೋಟು, ಸೂಜಿ, ದೊಡ್ಡ ಮೇಜು ಇರಬಹುದೆಂದುಕೊಂಡು ಒಳಗೆ ಹೋದರೆ ನೆಲದ ಮೇಲೊಂದು ದಪ್ಪ ಚಾಪೆ, ಗೋಡೆಗೊಂದು ಗಿಡ್ಡ ಕಪಾಟು, ಅದರಲ್ಲಿ ಆಟಿಕೆಗಳು. ಸಾಕ್ಸ್ ಹಾಕಿಕೊಂಡ ಒಬ್ಬ ಹೆಂಗಸು ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಥೆರಪಿಸ್ಟ್ ಅವಳೇ. ಅಜ್ಜಿ ಅವಳನ್ನು ಅಲ್ಲಿಂದಾಚೆಗೆ ಟೀಚರಮ್ಮ ಎಂದೇ ಕರೆದಳು.

"ಕೂತ್ಕೊಳ್ಳಿ" ಎಂದಳು ಟೀಚರಮ್ಮ. "ಇವತ್ತು ಗುಂಡಮ್ಮಂಗೆ ಏನೂ ಕೆಲಸ ಇಲ್ಲ. ಅವಳು ಆಡ್ಕೊಂಡಿರಲಿ. ಕೆಲಸ ಎಲ್ಲ ನಿಮಗೇ."

ಪ್ರಶ್ನೆಗಳು ಶುರುವಾದವು. ಹೇಗೆ ನಿದ್ದೆ ಮಾಡುತ್ತಾಳೆ, ಏನು ತಿನ್ನುತ್ತಾಳೆ, ಯಾವುದಕ್ಕೆ ನಗುತ್ತಾಳೆ. ಅಮ್ಮ ಕಾಯುತ್ತಿದ್ದ ಪ್ರಶ್ನೆ ಮಾತ್ರ ಬರಲೇ ಇಲ್ಲ. ಯಾವಾಗ ಅಳುತ್ತಾಳೆ ಎಂದು ಕೇಳಿದಾಗ ಅಪ್ಪ, "ಸುಮ್ಮಸುಮ್ಮನೆ ಅಳ್ತಾಳೆ ಮೇಡಂ" ಎಂದ.

"ಸುಮ್ಮಸುಮ್ಮನೆ ಯಾಕೆ? ನೀವು ಅಂಗಡೀಲಿ ಟ್ರಿಮ್ಮರ್ ಆನ್ ಮಾಡಿದ್ರೆ ಅಳ್ತಾಳೆ" ಎಂದಳು ಅಮ್ಮ.

"ಮನೇಲೆಲ್ಲಿದೆ ಟ್ರಿಮ್ಮರ್? ಮನೇಲೂ ಅಳ್ತಾಳಲ್ಲ."

"ಬಾಗಿಲು ಅರ್ಧ ತೆಗೆದಿಟ್ರೆ ಅಳ್ತಾಳೆ" ಎಂದಳು ಅಜ್ಜಿ. "ಪೂರ್ತಿ ಮುಚ್ಚಬೇಕು, ಇಲ್ಲಾ ಪೂರ್ತಿ ತೆಗೀಬೇಕು. ಇಷ್ಟು ದಿನ ಒಂದೇ ಮನೇಲಿದ್ದು ನಿಮಗಿಬ್ಬರಿಗೂ ಅದು ಗೊತ್ತಿಲ್ವಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಗೊತ್ತಿರಲಿಲ್ಲ. ಟೀಚರಮ್ಮ ಪ್ರತಿಯೊಂದಕ್ಕೂ, ಅದಕ್ಕೆ ಮುಂಚೆ ಏನಾಗಿತ್ತು, ಆಮೇಲೆ ನೀವೇನು ಮಾಡಿದಿರಿ ಎಂದು ಕೇಳುತ್ತ ಹೋದಳು. ಕೇಳುತ್ತ ಹೋದ ಹಾಗೆ ಸುಮ್ಮಸುಮ್ಮನೆ ಬಂದ ಅಳು ಒಂದೂ ಉಳಿಯಲಿಲ್ಲ.

"ಬಾಯಾರಿದ್ರೆ ಹೇಗೆ ಕೇಳ್ತಾಳೆ?"

ಉತ್ತರ ಅಜ್ಜಿಯ ಹತ್ತಿರವಿತ್ತು. "ಕೇಳೋವರೆಗೂ ಬಿಡ್ತೀನಾ ನಾನು? ತುಟಿ ಒಣಗಿದ್ದು ನೋಡಿದ್ರೆ ಸಾಕು, ಲೋಟ ಅವಳ ಬಾಯಿ ಹತ್ರ ಇರುತ್ತೆ. ಹಸಿವೂ ಅಷ್ಟೇ, ನಿದ್ದೆನೂ ಅಷ್ಟೇ." ಟೀಚರಮ್ಮ ನಕ್ಕು ಏನೋ ಬರೆದುಕೊಂಡಳು. ನನಗೆ ಒಳ್ಳೆ ಮಾರ್ಕು ಬಿತ್ತು ಎಂದುಕೊಂಡಳು ಅಜ್ಜಿ.

ಅಷ್ಟರಲ್ಲಿ ಕಪಾಟಿನ ಹತ್ತಿರವಿದ್ದ ಗುಂಡಮ್ಮ ಫ್ರಾಕಿನ ಕತ್ತನ್ನು ಜಗ್ಗತೊಡಗಿದಳು. ಮೊದಲು ಕುಂಯ್ ಎಂದಳು, ಆಮೇಲೆ ಕಿರುಚಿದಳು, ಆಮೇಲೆ ನೆಲಕ್ಕೆ ಬಿದ್ದು ತಲೆಯನ್ನು ಚಾಪೆಗೆ ಬಡಿದುಕೊಂಡಳು. ಅಪ್ಪ ಎದ್ದವನು ಟೀಚರಮ್ಮನ ಮುಖ ನೋಡಿ ನಿಂತುಬಿಟ್ಟ.

"ಮನೇಲಿ ಏನು ಮಾಡ್ತೀರೋ ಅದನ್ನೇ ಮಾಡಿ" ಎಂದಳು ಅವಳು ಮೆಲ್ಲಗೆ. "ನಾನಿಲ್ಲಿ ಇಲ್ಲ ಅಂದ್ಕೊಳ್ಳಿ."

ಅಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲೇ ನೆಲದ ಮೇಲೆ ಅಂಗಾತ ಮಲಗಿದ. ಮಗಳನ್ನು ಎತ್ತಿ ಹೊಟ್ಟೆಯ ಮೇಲೆ ಕವುಚಿ ಹಾಕಿಕೊಂಡು ಆಳವಾಗಿ ಉಸಿರಾಡತೊಡಗಿದ. ಅವನ ಹೊಟ್ಟೆ ಏರಿದಾಗ ಅವಳ ಅಳು ಏರುತ್ತಿತ್ತು, ಇಳಿದಾಗ ಇಳಿಯುತ್ತಿತ್ತು. ಅಮ್ಮ ಪಕ್ಕದಲ್ಲಿ ಮಂಡಿಯೂರಿ ಕೂತು ಹೊಸ ಫ್ರಾಕಿನ ಗುಂಡಿ ಬಿಚ್ಚಿದಳು. ಲೇಸು ತಾಗಿದಲ್ಲೆಲ್ಲ ಕತ್ತು ಕೆಂಪಾಗಿತ್ತು. ಬರೀ ಬನಿಯನ್ನಿನಲ್ಲಿ ಗುಂಡಮ್ಮ ಕೊಂಚ ಹೊತ್ತು ಬಿಕ್ಕಿ, ಅಪ್ಪನ ಹೊಟ್ಟೆಯ ಮೇಲೆಯೇ ಕೆನ್ನೆ ಊರಿ ಸುಮ್ಮನಾದಳು.

"ಮೊದಲನೇ ದಿನವೇ ಮರ್ಯಾದೆ ಕಳೆದ್ಲು" ಎಂದ ಅಪ್ಪ ಮಲಗಿಕೊಂಡೇ.

"ಹಾಗನ್ಬೇಡಿ. ನಾನು ಕೇಳಿ ತಿಳ್ಕೊಳ್ಳೋಕೆ ಆಗದ್ದನ್ನ ನೀವೇ ತೋರಿಸಿದ್ರಿ" ಎಂದಳು ಟೀಚರಮ್ಮ. "ಮುಂದಿನ ಸಲ ಹೊಸ ಬಟ್ಟೆ ಬೇಡ. ಅವಳಿಗೆ ಇಷ್ಟವಾದ ಹಳೇದು ಯಾವುದಾದ್ರೂ ಹಾಕಿ. ಇಷ್ಟದ ತಿಂಡಿ, ಇಷ್ಟದ ಆಟಿಕೆ ತನ್ನಿ."

"ಆಟಿಕೆ ಅಂದ್ರೆ... ಬಾಚಣಿಗೆ ತರಬಹುದಾ?" ಎಂದ ಅಪ್ಪ.

"ಧಾರಾಳವಾಗಿ."

ಎರಡನೆಯ ಸಲ ಬಾಚಣಿಗೆಗಳ ಚೀಲ ಬಂತು. ಗುಂಡಮ್ಮ ಸಾಲು ಜೋಡಿಸುತ್ತ ಹೋದಳು. ಟೀಚರಮ್ಮ ಅವಳ ಪಕ್ಕದಲ್ಲೇ ಬೋರಲು ಮಲಗಿ, ಏನೂ ಮಾತಾಡದೆ, ತಾನೊಂದು ಸಾಲು ಜೋಡಿಸಿದಳು. ಗುಂಡಮ್ಮ ಆ ಸಾಲನ್ನು ಓರೆಗಣ್ಣಲ್ಲಿ ನೋಡಿ, ಒಂದು ಬಾಚಣಿಗೆ ಸೊಟ್ಟಗಿದ್ದುದನ್ನು ನೆಟ್ಟಗೆ ಮಾಡಿದಳು. ಅಮ್ಮನಿಗೆ ಯಾಕೋ ಕಣ್ಣು ತುಂಬಿಬಂತು.

ಆಮೇಲೆ ಒಂದೊಂದೇ ಆಟ. ಹೆಸರು ಕರೆದರೆ ತಿರುಗುತ್ತಾಳೆಯೇ, ಬೆರಳು ತೋರಿಸಿದ ಕಡೆ ನೋಡುತ್ತಾಳೆಯೇ, ಚಪ್ಪಾಳೆ ತಟ್ಟಿದರೆ ತಾನೂ ತಟ್ಟುತ್ತಾಳೆಯೇ. ಬಹಳಷ್ಟಕ್ಕೆ ಗುಂಡಮ್ಮ ಕ್ಯಾರೇ ಎನ್ನಲಿಲ್ಲ. ಆಟಿಕೆಗಳಲ್ಲಿ ಕೆಂಪು ಬ್ಲಾಕೊಂದು ಹೊರಬಂದಾಗ ಅಜ್ಜಿಗೆ ತಡೆಯಲಾಗಲಿಲ್ಲ.

"ಕೆಂಪು ಅನ್ನು ಕಂದಾ! ಟೀಚರಮ್ಮ, ಮನೇಲಿ ಎಲ್ಲ ಬಣ್ಣ ಹೇಳ್ತಾಳೆ, ಹೊಸಬರ ಮುಂದೆ ನಾಚಿಕೆ."

"ಅಮ್ಮಾ!" ಎಂದಳು ಗುಂಡಮ್ಮನ ಅಮ್ಮ. ಶುದ್ಧ ಸುಳ್ಳು ಎಂದು ಮೂವರಿಗೂ ಗೊತ್ತಿತ್ತು. ಟೀಚರಮ್ಮನಿಗೂ ಗೊತ್ತಾಗಿರಬೇಕು.

"ಇಲ್ಲಿ ಪಾಸು ಫೇಲು ಇಲ್ಲ ಅಜ್ಜಿ. ಅವಳಿಗೆ ಏನೇನು ಬರುತ್ತೆ, ಎಲ್ಲಿ ನಾವು ಕೈ ಹಿಡೀಬೇಕು, ಅಷ್ಟು ತಿಳಿದ್ರೆ ಸಾಕು. ನೀವು ಹೇಳಿಕೊಟ್ರೆ ನನಗೆ ಅವಳು ಕಾಣಲ್ಲ, ನೀವೇ ಕಾಣ್ತೀರಿ."

ಅಜ್ಜಿ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಕೂತಳು. ಅಷ್ಟು ಹೊತ್ತು ಅವಳು ಮಾತಾಡದೆ ಇದ್ದುದನ್ನು ಅಳಿಯ ಅದೇ ಮೊದಲು ನೋಡಿದ್ದು.

ಮೂರನೆಯ ಸಲ ಟೀಚರಮ್ಮನೇ ಅಂಗಡಿಗೆ ಬಂದಳು. ಮಗು ದಿನಾ ಇರುವ ಜಾಗದಲ್ಲಿ ಹೇಗಿರುತ್ತದೆ ಎಂದು ನೋಡಬೇಕಂತೆ. ಗಿರಾಕಿಗಳ ಬೆಂಚಿನ ಮೂಲೆಯಲ್ಲಿ ಕೂತವಳನ್ನು ಕಂಡು, ಕುರ್ಚಿಯಲ್ಲಿದ್ದ ಹಿರಿಯರೊಬ್ಬರು "ಇವರಿಗೇನು ಕಟಿಂಗಾ, ಶೇವಿಂಗಾ?" ಎಂದರು.

"ನಮ್ಮ ಕಡೆಯವರು" ಎಂದ ಅಪ್ಪ. ಹೇಳಿದ ಮೇಲೆ ಅದು ನಿಜವೆಂದೂ ಅನ್ನಿಸಿತು.

ಖಾಲಿ ಕುರ್ಚಿಯನ್ನು ಗುಂಡಮ್ಮ ತಿರುಗಿಸುತ್ತಿದ್ದಳು. ಟ್ರಿಮ್ಮರ್ ಗುಂಯ್ಗುಟ್ಟಿದೊಡನೆ ಕಿವಿ ಮುಚ್ಚಿಕೊಂಡು ಕನ್ನಡಿಯ ಕೆಳಗಿನ ಗೂಡಿಗೆ ಹೊಕ್ಕಳು. ಮಗುವಿನ ಜೊತೆ ಬಂದಿದ್ದ ಅಜ್ಜಿ ಮಧ್ಯೆ ಮಧ್ಯೆ ಎದ್ದು ನೀರು ಕುಡಿಸಿದಳು, ಬಾಯಿಗೆ ಬಿಸ್ಕತ್ತು ಇಟ್ಟಳು, ಮೂಗು ಒರೆಸಿದಳು, ಬಿದ್ದ ಬಾಚಣಿಗೆ ಕೈಗೆ ಕೊಟ್ಟಳು. ಗುಂಡಮ್ಮನಿಗೆ ಒಂದು ಸಲವೂ ತಲೆಯೆತ್ತಿ ನೋಡುವ ಪ್ರಮೇಯ ಬರಲಿಲ್ಲ.

ಎಲ್ಲ ಮುಗಿದು ಕೇಂದ್ರದಿಂದ ಕರೆ ಬಂದಾಗ ಮೂವರೂ ಹೋದರು. ಗುಂಡಮ್ಮನನ್ನು ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ಟೀಚರ್ ಆಡಿಸುತ್ತಿದ್ದಳು. ಟೀಚರಮ್ಮ ಸುತ್ತಿ ಬಳಸಲಿಲ್ಲ.

"ಮಕ್ಕಳ ಡಾಕ್ಟರೂ ನಾನೂ ಕೂತು ಮಾತಾಡಿದ್ವಿ. ಗುಂಡಮ್ಮಂಗೆ ಆಟಿಸಂ ಇದೆ."

ಅಮ್ಮ ತನ್ನ ಆಫೀಸಿನ ಜೇನುದನಿಯಲ್ಲಿ, "ಮಾಹಿತಿ ನೀಡಿದ್ದಕ್ಕೆ ಧನ್ಯವಾದಗಳು. ನಮ್ಮಿಂದ ಇನ್ನೇನಾದರೂ..." ಎಂದಳು. ತಾನು ಏನು ಹೇಳುತ್ತಿದ್ದೇನೆ ಎಂದು ಅರಿವಾದದ್ದೇ ತಡ, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತಳು. ಗಂಡ ಅವಳ ಬೆನ್ನ ಮೇಲೆ ಕೈಯಿಟ್ಟ. ಅಳು ಮುಗಿಯುವವರೆಗೆ ಟೀಚರಮ್ಮ ಕಾದಳು, ಗಡಿಯಾರದ ಕಡೆ ನೋಡಲಿಲ್ಲ.

"ನಾನೇನಾದ್ರೂ ತಪ್ಪು..." ಎಂದಳು ಅಮ್ಮ.

"ಇಲ್ಲ. ನೀವಲ್ಲ, ಅವರಲ್ಲ, ಅಜ್ಜಿಯಲ್ಲ. ಯಾರು ಏನು ಮಾಡಿದ್ದಕ್ಕೂ ಇದು ಬಂದಿದ್ದಲ್ಲ."

"ಗುಣ ಆಗುತ್ತಾ?" ಎಂದು ಅಪ್ಪ ಕೇಳಿದ.

"ಜ್ವರ ಆದ್ರೆ ಗುಣ ಆಗುತ್ತೆ. ಇದು ಅವಳು ಇರೋ ರೀತಿ. ಕಲೀತಾಳೆ, ಬೆಳೀತಾಳೆ. ಎಷ್ಟು, ಯಾವಾಗ ಅಂತ ಇವತ್ತೇ ಹೇಳಿದ್ರೆ ನಾನು ಸುಳ್ಳು ಹೇಳಿದ ಹಾಗೆ."

ಅಪ್ಪ ಸ್ವಲ್ಪ ಯೋಚಿಸಿ ಹೇಳಿದ: "ಒಂದೊಂದು ತಲೇಲಿ ಸುಳಿ ಒಂದೊಂದು ಕಡೆ ಇರುತ್ತೆ ಮೇಡಂ. ಸುಳಿಗೆ ಎದುರಾಗಿ ಕತ್ತರಿ ಹಾಕಿದ್ರೆ ಕೂದಲು ಎದ್ದು ನಿಲ್ಲುತ್ತೆ. ಅದು ಹೋಗೋ ಕಡೆಗೇ ಹೋಗ್ಬೇಕು."

"ನಾವೂ ಹಾಗೇ ಹೋಗೋಣ" ಎಂದಳು ಟೀಚರಮ್ಮ. "ಮೊದಲು ಏನು ಕಲಿಸೋಣ? ಅದನ್ನ ನೀವು ಹೇಳ್ಬೇಕು."

ತಲೆ ಬಡಿದುಕೊಳ್ಳದಿರಲಿ ಎಂದ ಅಪ್ಪ. ಎಲ್ಲಿ ನೋಯುತ್ತಿದೆ ಎಂದು ತೋರಿಸಿದರೆ ಸಾಕು ಎಂದಳು ಅಮ್ಮ. ಟೀಚರಮ್ಮ ಅಜ್ಜಿಯ ಕಡೆ ತಿರುಗಿದಳು. "ನಿಮಗೇನು ಬೇಕು ಅಂತ ಕೇಳೋ ಮುಂಚೆ ಒಂದು ಮಾತು ಅಜ್ಜಿ. ಅವಳನ್ನ ನಿಮ್ಮಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಬೇಕು ಅನ್ನಿಸೋ ಮೊದಲೇ ಕೈಗೆ ಬಂದಿರುತ್ತೆ. ಹಾಗಿದ್ರೆ ಕೇಳೋದನ್ನ ಅವಳು ಯಾಕೆ ಕಲೀಬೇಕು?"

ಅಜ್ಜಿಯ ಮುಖ ಕಳೆಗುಂದಿತು. "ಅಂದ್ರೆ ಹಾಳು ಮಾಡಿದ್ದು ನಾನೇ ಅನ್ನಿ."

"ಅಯ್ಯೋ, ಅಲ್ವೇ ಅಲ್ಲ. ಯಾರಿಂದಲೂ ಬಂದಿದ್ದಲ್ಲ ಅಂತ ಆಗಲೇ ಹೇಳಿದೆನಲ್ಲ. ಇಷ್ಟು ದಿನ ನೀವೇ ಅವಳ ಬಾಯಿ ಆಗಿದ್ರಿ. ಈಗ ಅವಳಿಗೊಂದು ದಾರಿ ಬಿಟ್ಟುಕೊಡಿ. ಮಾತೇ ಬರಬೇಕು ಅಂತಿಲ್ಲ. ಕೈ ಹಿಡಿದು ಎಳೆದ್ರೂ ಕೇಳಿದ ಹಾಗೇ, ಚಿತ್ರ ತೋರಿಸಿದ್ರೂ ಕೇಳಿದ ಹಾಗೇ. ಕೊಡೋ ಮೊದಲು ಸ್ವಲ್ಪ ಕಾಯಿರಿ. ಅಳಿಸೋಕೆ ಅಲ್ಲ. ಒಂದೆರಡು ಉಸಿರು, ಅಷ್ಟೇ. ಬೇಸರ ಆಗೋ ಹಾಗೆ ಕಂಡ್ರೆ ಕೊಟ್ಟುಬಿಡಿ."

ಮನೆಗೆ ಬಂದ ಮೇಲೆ ಅಜ್ಜಿ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವಳ ಕೂದಲಲ್ಲಿ ಬೆರಳಾಡಿಸುತ್ತ ಕೂತಿದ್ದಳು. ಮಗಳು ಬಂದು ಪಕ್ಕದಲ್ಲಿ ಕೂತು, "ಅಮ್ಮಾ, ನೀನಿಲ್ಲದಿದ್ರೆ ನಾನು ಕೆಲಸಕ್ಕೆ ಹೋಗೋಕೆ ಆಗ್ತಿತ್ತಾ? ಅವಳು ಇಷ್ಟು ನಗ್ತಾ ಇರ್ತಿದ್ಲಾ?" ಎಂದಾಗ, "ಅದೆಲ್ಲ ಇರಲಿ. ಎರಡು ಉಸಿರು ಅಂದ್ರಲ್ಲ, ಸಣ್ಣ ಉಸಿರೋ ದೊಡ್ಡ ಉಸಿರೋ?" ಎಂದು ಕೇಳಿದಳು.

ಮರುದಿನದಿಂದ ಶುರುವಾಯಿತು ಅಜ್ಜಿಯ ಕಷ್ಟ. ನೀರಿನ ಲೋಟವನ್ನು ಮಗುವಿಗೆ ಕಾಣುವ ಹಾಗೆ, ಆದರೆ ಎಟುಕದ ಹಾಗೆ ಕಟ್ಟೆಯ ಮೇಲಿಡುವುದು, ಪಕ್ಕದಲ್ಲಿ ಕೂತು ಕಾಯುವುದು. ಮೊದಮೊದಲು ಒಂದು ಉಸಿರಿಗೇ ಅವಳ ಕೈ ತಾನಾಗಿ ಚಾಚಿಬಿಡುತ್ತಿತ್ತು. ಕೊನೆಗೆ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು, ಅದರ ಮೇಲೆ ಭಾರ ಬಿಟ್ಟು ಕೂರುವುದನ್ನು ರೂಢಿ ಮಾಡಿಕೊಂಡಳು. "ನಿಮ್ಮ ಅತ್ತೆಗೇ ಥೆರಪಿ ನಡೀತಿದೆ" ಎಂದು ಹೆಂಡತಿ ಗಂಡನ ಕಿವಿಯಲ್ಲಿ ಹೇಳಿದಳು.

ಒಂದು ಬೆಳಿಗ್ಗೆ ಅಪ್ಪ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ. ಗುಂಡಮ್ಮ ತುದಿಗಾಲಲ್ಲಿ ಕಟ್ಟೆಯ ಹತ್ತಿರ ಬಂದು ಲೋಟವನ್ನು ನೋಡಿದಳು. ಅಜ್ಜಿ ಕದಲಲಿಲ್ಲ. ತುಟಿ ಮಾತ್ರ ಬಿಗಿದಿತ್ತು. ಗುಂಡಮ್ಮ ಮತ್ತೊಮ್ಮೆ ಲೋಟ ನೋಡಿದಳು, ಅತ್ತಿತ್ತ ಹೆಜ್ಜೆ ಹಾಕಿದಳು, ಆಮೇಲೆ ಅಜ್ಜಿಯ ಬಳಿ ಬಂದು ತೊಡೆಯ ಕೆಳಗಿನಿಂದ ಒಂದು ಕೈಯನ್ನು ಎಳೆದಳು. ಬರಲಿಲ್ಲ, ಮೇಲೆ ಅಜ್ಜಿ ಕೂತಿದ್ದಳಲ್ಲ. ಕಾಲೂರಿ ಎಳೆದಳು. ಎಳೆದ ಕೈಯನ್ನು ಲೋಟದ ಕಡೆಗೆ ಎತ್ತಿ ಹಿಡಿದು, ತಲೆಯೆತ್ತಿ, ಅಜ್ಜಿಯ ಕಣ್ಣನ್ನೇ ನೋಡಿದಳು.

"ಕೇಳಿದ್ಲು ಕಣೇ!" ಎಂದು ಅಜ್ಜಿ ಹಾಕಿದ ಕೂಗಿಗೆ ಅಮ್ಮ ಬಾಯಿ ತುಂಬ ಟೂತ್‌ಪೇಸ್ಟ್ ನೊರೆಯೊಂದಿಗೆ ಓಡಿಬಂದಳು, ಅಪ್ಪ ಒಂದೇ ಚಪ್ಪಲಿಯಲ್ಲಿ ಬಂದ. "ಅಳಿಯಂದಿರೇ, ನನ್ನ ಕೈ ಹಿಡಿದು ಎಳೆದು ಕೇಳಿದ್ಲು! ನನ್ನ ಮುಖ ನೋಡಿದ್ಲು!"

"ಮೊದಲು ನೀರು ಕೊಡಿ ಅತ್ತೆ!"

ಕೊಟ್ಟಳು. ಗುಂಡಮ್ಮ ಅರ್ಧ ಕುಡಿದಳು. ಉಳಿದದ್ದನ್ನು ಅಜ್ಜಿಯ ಮಡಿಲಿಗೆ ನಿಧಾನವಾಗಿ ಸುರಿದು, ಸೀರೆಯ ಮೇಲೆ ಒದ್ದೆ ಹರಡುವುದನ್ನು ತನ್ಮಯಳಾಗಿ ನೋಡುತ್ತ ನಿಂತಳು. ಅಮ್ಮ ತಡೆಯಲು ಕೈ ಚಾಚಿದಾಗ ಅಜ್ಜಿ ಅವಳನ್ನು ಗದರಿಸಿದಳು.

"ಸುಮ್ಮನಿರೇ. ಕೇಳಿ ತಗೊಂಡ ನೀರು. ಏನು ಬೇಕಾದ್ರೂ ಮಾಡ್ಕೊಳ್ಳಲಿ."