ಮುಲಾಮು ಹಚ್ಚದ ಬೆನ್ನು

ಮೇಲೂರಿನ ಶಾಂತಕುಮಾರಿಗೆ ಬೆನ್ನುನೋವು ಶುರುವಾಗಿ ಆರು ವರ್ಷ. ಮುಲಾಮು ಹಚ್ಚಿಕೊಳ್ಳೋಣವೆಂದರೆ ಮನೆಯಲ್ಲಿ ರೇಷ್ಮೆಹುಳು. ಆ ಮಹಾರಾಣಿಯರಿಗೆ ಸ್ವಲ್ಪ ಘಾಟು ತಾಗಿದರೂ ಸಾಕು, ಸೊಪ್ಪು ಮುಟ್ಟುವುದಿಲ್ಲ. ಹಾಗಾಗಿ ಗಂಡ ವೇಣುಗೋಪಾಲ್ ಮೆಡಿಕಲ್ ಶಾಪಿನಿಂದ ವಾಸನೆಯಿಲ್ಲದ ಮಾತ್ರೆ ತಂದುಕೊಟ್ಟ. ಡಾಕ್ಟರು ಒಮ್ಮೆ ಬರೆದುಕೊಟ್ಟಿದ್ದ ಅದೇ ಹಳೇ ಚೀಟಿ ತೋರಿಸಿ ತರುತ್ತಲೇ ಹೋದ. ಬೆಳಿಗ್ಗೆ ಒಂದಿದ್ದದ್ದು ಮೂರು ಹೊತ್ತಿಗೂ ಆಯಿತು. ಹುಳುಗಳು ಸುಖವಾಗಿದ್ದವು.

ಹೋದ ಸೋಮವಾರ ಸೊಪ್ಪು ಹಾಕುತ್ತಿದ್ದವಳು ಹುಳುವಿನ ತಟ್ಟೆಗಳ ನಡುವೆಯೇ ಕುಸಿದುಬಿದ್ದಳು. ಎದೆ ಡವಡವ ಹೊಡೆದುಕೊಂಡಿತು, ಆಮೇಲೆ ಕತ್ತಲೆ. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಇಸಿಜಿ ನೋಡಿದರು, ಮಾತ್ರೆಯ ಚೀಟಿಯನ್ನೂ ನೋಡಿದರು.

"ಇದು ಅಫೀಮಿನ ಜಾತಿಯ ಔಷಧಿ ಕಣಮ್ಮ. ವರ್ಷಗಟ್ಲೆ ಹಿಂಗೆ ಜಾಸ್ತಿ ಮಾಡ್ಕೊಂಡ್ ಹೋದ್ರೆ ಕೆಲವರಿಗೆ ಹೃದಯದ ಬಡಿತಾನೇ ಲಯ ತಪ್ಪುತ್ತೆ. ನಿಂತೂ ಹೋಗ್ಬಹುದು."

"ಹಂಗಾದ್ರೆ ಇವತ್ತಿಂದಾನೇ ಬಿಟ್ಬಿಡ್ತೀನಿ ಬಿಡಿ," ಎಂದಳು ಶಾಂತಕುಮಾರಿ.

"ಒಂದೇ ಸಲಕ್ಕೆ ಬಿಡಂಗಿಲ್ಲ, ಮೈ ತಡೆಯಲ್ಲ. ಇಲ್ಲೇ ಇರಿ. ನಮ್ಮ ಕಣ್ಮುಂದೆ ಸ್ವಲ್ಪಸ್ವಲ್ಪಾನೇ ಇಳಿಸ್ಬೇಕು."

ತಿನ್ನುವಂತಿಲ್ಲ, ಬಿಡುವಂತಿಲ್ಲ. ಎಂಥಾ ಪೇಚು! ಎದೆಗೆ ಅಂಟಿಸಿದ ವೈರುಗಳ ನಡುವೆ ಅವಳು ಮಗ್ಗುಲು ಬದಲಿಸಲೂ ಹೆದರಿದಳು. ಮೂರನೇ ದಿನಕ್ಕೆ ಮೂಗು ಸೋರತೊಡಗಿತು, ಮೈಯೆಲ್ಲ ಮುರಿದುಹಾಕಿದಂತಾಯಿತು, ಬೆನ್ನು ಹಳೆಯ ಸೇಡೆಲ್ಲ ತೀರಿಸಿಕೊಂಡಿತು. ಸಾಯುವ ಭಯಕ್ಕಿಂತ ಮಾತ್ರೆಯ ಆಸೆಯೇ ದೊಡ್ಡದಾಗಿದೆಯೆಂದು ತಿಳಿದಾಗ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಮಧ್ಯಾಹ್ನ ವೇಣುಗೋಪಾಲ್ ಬಂದ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟು ನೇರ ಬಸ್ಸು ಹತ್ತಿದ್ದ. ಹೆಂಡತಿಯ ಮುಖ ನೋಡಿ ಅವನ ಕಣ್ಣು ತುಂಬಿತು. ಅತ್ತಿತ್ತ ನೋಡಿ, ಜೇಬಿನಿಂದ ಎರಡು ಮಾತ್ರೆ ತೆಗೆದು ಅವಳ ಅಂಗೈಗಿಟ್ಟ.

"ನುಂಗ್ಬಿಡು ಕಣೇ. ಯಾರ್ಗೂ ಗೊತ್ತಾಗಲ್ಲ. ನೀನ್ ನರಳೋದು ನನ್ ಕೈಲಿ ನೋಡಕ್ಕಾಗಲ್ಲ."

ಪ್ರೀತಿಯಿಂದಲೇ ತಂದಿದ್ದ, ಪಾಪ. ಆರು ವರ್ಷ ತಂದದ್ದೂ ಪ್ರೀತಿಯಿಂದಲೇ. ಅವಳ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಕೈ ಬಾಯಿಯ ಹತ್ತಿರ ಬಂತು.

"ಸಿಸ್ಟರ್!" ಎಂದು ಕೂಗಿದಳು.

ನರ್ಸ್ ಓಡಿ ಬಂದಳು. ಮುಷ್ಟಿ ಬಿಚ್ಚಲು ಶಾಂತಕುಮಾರಿಗೇ ಆಗಲಿಲ್ಲ. ನರ್ಸ್ ಒಂದೊಂದೇ ಬೆರಳು ಬಿಡಿಸಿ ಮಾತ್ರೆಗಳನ್ನು ತೆಗೆದುಕೊಂಡಳು.

"ನಾನ್ ಅತ್ತು ಕೇಳಿದ್ರೂ ಇದನ್ನ ವಾಪಸ್ ಕೊಡ್ಬೇಡಮ್ಮ," ಎಂದಳು ಶಾಂತಕುಮಾರಿ.

ನರ್ಸ್ ಇನ್ನೂ ಬಾಗಿಲು ದಾಟಿರಲಿಲ್ಲ. ಅಷ್ಟರಲ್ಲೇ ಅವಳು ಅಳುತ್ತಾ ಕರೆದಳು: "ಸಿಸ್ಟರ್, ಒಂದಾದ್ರೂ ಕೊಟ್ಟೋಗಮ್ಮ."