ಸೊಂಟದ ಅಳತೆ

ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು ಮಗಳು ಅಪ್ಪನ ಪ್ಯಾಂಟನ್ನು ಸೊಂಟದ ಹಿಂದೆ ಚಿವುಟಿ ಹಿಡಿದಳು. ಮುಷ್ಟಿ ತುಂಬ ಬಟ್ಟೆ ಸಿಕ್ಕಿತು. ಅಪ್ಪ ಸಿಕ್ಕಲಿಲ್ಲ.

ಅಂಗಡಿಯ ಕನ್ನಡಿಯೆದುರು ಆತ ಗೊಂಬೆಯಂತೆ ನಿಂತಿದ್ದ. ಮನೆಮಂದಿಯೆಲ್ಲ ದರ್ಜಿಗಳೇ ಆದ್ದರಿಂದ, ಅಪ್ಪ ಕರಗುತ್ತಿರುವುದನ್ನು ಅವರು ಪ್ಯಾಂಟಿನ ತೊಂದರೆಯೆಂದೇ ಬಗೆದಿದ್ದರು. ಸಡಿಲವಾದಾಗಲೆಲ್ಲ ಸೊಂಟ ಹಿಡಿದು ಹೊಲಿದರು. ನೀಟಾಗಿಯೇ ಹೊಲಿದರು. ಈಗ ಹಿಂದಿನ ಎರಡು ಜೇಬುಗಳು ಗುಟ್ಟು ಮಾತಾಡುವಷ್ಟು ಹತ್ತಿರ ಬಂದಿದ್ದವು.

“ಅಪ್ಪ ಹೀರೋ ಆಗೋಕೆ ಹೊರಟಿದಾರೆ ಕಣೇ,” ಇಸ್ತ್ರಿ ಹಾಕುತ್ತಿದ್ದ ಅಣ್ಣ ಅಂದ.

ಅಪ್ಪ ನಗಲಿಲ್ಲ. ಬೈಯಲೂ ಇಲ್ಲ. ಮಗಳು ಬೇಕೆಂದೇ ಪಕ್ಕದ ಹೊಲಿಗೆಗೆ ಒಂದು ಸೂಜಿಯನ್ನು ಸೊಟ್ಟಗೆ ಚುಚ್ಚಿದಳು. ಮೊದಲಾದರೆ ಇಷ್ಟಕ್ಕೇ ಬೀದಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದವನು ಕನ್ನಡಿಯಲ್ಲಿ ಅದನ್ನು ನೋಡಿ ಸುಮ್ಮನಿದ್ದ.

ಅವಳು ಉಳಿದ ಸೂಜಿಗಳನ್ನು ಅಂಗೈಗೆ ಉಗಿದಳು. ಬಾಯಲ್ಲಿ ಸೂಜಿ ಇದ್ದಾಗ ಈ ಮನೆಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ; ಸೂಜಿಯೋ, ಸದಾ ಬಾಯಲ್ಲೇ ಇರುತ್ತಿತ್ತು.

“ಅಪ್ಪಾ, ಊಟ ಯಾಕೆ ಸೇರ್ತಿಲ್ಲ?”

“ಹಸಿವಿಲ್ಲಮ್ಮ.”

“ನಿದ್ದೆ?”

“ಬರುತ್ತೆ. ಬಂದು, ಮಾತಾಡಿಸದೆ ಹೋಗ್ಬಿಡುತ್ತೆ.”

“ವಯಸ್ಸಾಯ್ತಲ್ಲೇ, ಇನ್ನೇನು ಕುಣೀಬೇಕಾ?” ಅಣ್ಣ ಬಾಯಿ ಹಾಕಿದ.

“ಎದುರುಮನೆ ಅಜ್ಜಿ ಅಪ್ಪನಿಗಿಂತ ದೊಡ್ಡೋರು. ಕೋಟಿನ ತೋಳು ಗಿಡ್ಡ ಆಯ್ತು ಅಂತ ನಿನ್ನೆ ತಾನೇ ನಿನ್ನ ಜನ್ಮ ಜಾಲಾಡ್ಲಿಲ್ವಾ?”

ಅಣ್ಣ ಇಸ್ತ್ರಿಗೆ ಮರಳಿದ.

“ಅಪ್ಪಾ, ಸಾಯ್ಬೇಕು ಅನ್ಸುತ್ತಾ?”

ಇಸ್ತ್ರಿಪೆಟ್ಟಿಗೆ ಇದ್ದಲ್ಲೇ ನಿಂತಿತು.

“ಅಷ್ಟೆಲ್ಲ ಓಡಾಟ ಯಾರು ಮಾಡ್ತಾರೆ,” ಅಪ್ಪ ಅಂದ, ಬಿಳಿ ದಾರ ಮುಗಿದಿದೆ ಎನ್ನುವ ದನಿಯಲ್ಲಿ. “ಬೆಳಿಗ್ಗೆ ಏಳದೇ ಇದ್ರೆ ಸಾಕು ಅನ್ಸುತ್ತೆ.”

ಬಟ್ಟೆ ಸುಟ್ಟ ವಾಸನೆ ಬಂತು. ಅಣ್ಣ ಪೆಟ್ಟಿಗೆ ಎತ್ತಿದ. ಯಾರದೋ ಅಂಗಿಯ ಬೆನ್ನು ಹೋಗಿತ್ತು.

“ಇದು ವಯಸ್ಸಲ್ಲ, ಕಾಯಿಲೆ,” ಮಗಳು ಅಂದಳು. “ಇದಕ್ಕೆ ಔಷಧಿ ಇದೆ. ಮನಸ್ಸಿನ ಡಾಕ್ಟರ್ ಹತ್ರ ಈಗಲೇ ಹೋಗೋಣ, ನಡೀರಿ.”

“ನಿಂಗ್ಯಾಕಮ್ಮ ಇಷ್ಟೊಂದು ತಾಪತ್ರಯ.”

ಅಪ್ಪ ಮೇಜಿನ ಖಾನೆ ಎಳೆದು ಎಲಾಸ್ಟಿಕ್ ಸುರುಳಿ ತೆಗೆದ. ಪ್ಯಾಂಟಿಗೆ ಎಲಾಸ್ಟಿಕ್ ಹಾಕುವುದು ಕಸುಬಿಗೇ ಅವಮಾನವೆಂದು ಜೀವಮಾನವಿಡೀ ಗಿರಾಕಿಗಳನ್ನು ವಾಪಸ್ ಕಳಿಸಿದ ಮನುಷ್ಯ ಅದನ್ನು ಅವಳ ಮುಂದೆ ಚಾಚಿದ.

“ಇದನ್ನ ಹಾಕಿಬಿಡು. ನಾನೆಷ್ಟು ಇಳಿದ್ರೂ ತಾನೇ ಹಿಡ್ಕೊಳ್ಳುತ್ತೆ. ಮತ್ತೆ ಮತ್ತೆ ನೋಡೋ ಗೋಜೇ ಇರಲ್ಲ.”

“ಹಾಕಲ್ಲ,” ಅಂದಳು ಮಗಳು.