ಒಲೆ ಹಚ್ಚಬೇಡಿ

ಜನವೇ ಬಾರದ ಸಂಗೀತ ಕಚೇರಿಯನ್ನು ಅಚ್ಚುಕಟ್ಟಾಗಿ ನಡೆಸುವ ವಿದ್ಯೆಯಲ್ಲಿ ಯಲಹಂಕದ ಶ್ರೀರಾಮ ಗಾನಸಭೆಯನ್ನು ಮೀರಿಸುವವರು ಯಾರೂ ಇರಲಿಲ್ಲ. ಐವತ್ತೆಂಟನೇ ಇಸವಿಯ ರಾಮನವಮಿಗೆ ಪೇಟೆಯಿಂದ ಬಂದ ದೊಡ್ಡ ವಿದ್ವಾಂಸರೊಬ್ಬರು ಮೂರು ಗಂಟೆ ಹಾಡಿದರು. ಚಪ್ಪರದಲ್ಲಿ ಇದ್ದದ್ದು ಹದಿಮೂರು ತಲೆ. ಅದರಲ್ಲಿ ಐದು ಸಮಿತಿಯವರದು, ಎರಡು ಚಪ್ಪರ ಬಿಚ್ಚಲು ಕಾದು ಕೂತವರದು, ಒಂದು ವಿದ್ವಾಂಸರ ಭಾವಮೈದುನನದು. ಉಳಿದ ಐವರು ಏಕೆ ಬಂದಿದ್ದರೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮಾರನೇ ವರ್ಷ ಸಮಿತಿ ಮೊದಲೇ ಎಚ್ಚೆತ್ತುಕೊಂಡಿತು. ಸಭೆಯ ಸೆಕ್ರೆಟರಿ ಅನಂತಸ್ವಾಮಯ್ಯ, ರಿಟೈರಾದ ಹೆಡ್‌ಮಾಸ್ಟರು, ಕನ್ನಡಕ ಒರೆಸಿಕೊಂಡು ಎದ್ದು ನಿಂತು, ಶಾಸ್ತ್ರೀಯ ಸಂಗೀತ ಜನಸಾಮಾನ್ಯರನ್ನು ಮುಟ್ಟಬೇಕು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಜನಸಾಮಾನ್ಯರು ಸಮಿತಿಯವರನ್ನು ಮುಟ್ಟುವ ವಿಚಾರವನ್ನು ಮಾತ್ರ ಯಾರೂ ಎತ್ತಲಿಲ್ಲ. ಯುವಕರನ್ನು ಸೆಳೆಯಬೇಕು ಎಂದು ಒಬ್ಬರು ಹೇಳಿದರು. ಹಿಂದಿನ ವರ್ಷ ಹೆಬ್ಬಾಳದ ಹಾಸ್ಟೆಲ್ ಹುಡುಗರನ್ನು ಬಸ್ಸು ಮಾಡಿ ಕರೆತಂದದ್ದೂ, ಅವರು ಕಾಫಿ ಕುಡಿದು ಅದೇ ಬಸ್ಸಿನಲ್ಲಿ ವಾಪಸು ಹೋದದ್ದೂ ಎಲ್ಲರಿಗೂ ನೆನಪಿತ್ತು. ಆದ್ದರಿಂದ ಈ ಸಲ ಕಾಫಿ ಕಡೆಯಲ್ಲಿ ಕೊಡತಕ್ಕದ್ದು ಎಂದು ಬರೆದುಕೊಂಡರು. ಧ್ವನಿವರ್ಧಕವನ್ನು ಹುಣಸೇಮರದ ಮೇಲೆ, ಟೆಂಟ್ ಸಿನಿಮಾದ ಕಡೆಗೆ ಬಾಯಿ ಮಾಡಿ ಕಟ್ಟಬೇಕೆಂದು ಇನ್ನೊಬ್ಬರು ಸೂಚಿಸಿದರು.

ಆಗ ಬಾಯಿ ಬಿಟ್ಟವನು ಲಕ್ಕಣ್ಣ. ಅಟ್ಟೂರಿನ ದೊಡ್ಡ ಕುಳ. ಸಭೆಯ ಉಪಾಧ್ಯಕ್ಷ. ಸ, ಪ ಯಾವುದೂ ತಿಳಿಯದಿದ್ದರೂ ಚಪ್ಪರ ಹಾಕುತ್ತಿದ್ದದ್ದು ಅವನ ಮಾವಿನ ತೋಪಿನಲ್ಲಾದ್ದರಿಂದ ಆ ಪದವಿ ತಾನಾಗಿ ಬಂದಿತ್ತು.

"ಚೀಟಿ ಅಂಚಿದ್ರೆ ಯಾವನ್ ಬತ್ತಾನೆ ಸ್ವಾಮಿ? ನಮ್ ಕಡೆ ಕುಂಕ್ಮ ಕೊಟ್ಟು ಕರೀಬೇಕು. ನಮ್ಮನೆಯೋಳ್ನ ಕಳಿಸ್ತೀನಿ. ಅವಳು ಕರುದ್ರೆ ಏಳೂರು ಬತ್ತದೆ."

ಉಳುಮೆಗೆ ಎತ್ತು ಕೊಡುತ್ತೇನೆ ಅನ್ನುವಷ್ಟು ಸಲೀಸಾಗಿ ಹೆಂಡತಿಯನ್ನು ಕೊಟ್ಟುಬಿಟ್ಟ. ಸಮಿತಿ ಕೂಡಲೇ ಗ್ರಾಮಾಂತರ ಪ್ರಚಾರ ಉಪಸಮಿತಿ ರಚಿಸಿತು. ಅದರಲ್ಲಿ ನಾಲ್ಕು ಜನರ ಹೆಸರಿತ್ತು. ಹೆಂಡತಿ ಲಕ್ಷ್ಮಿದೇವಮ್ಮನದು ಇರಲಿಲ್ಲ.

ಲಕ್ಷ್ಮಿದೇವಮ್ಮ ಅದನ್ನೆಲ್ಲ ಕೇಳಲೂ ಇಲ್ಲ. ಅಟ್ಟೂರಿಗೆ ಸೊಸೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ಊರಿನ ಯಾವ ಮದುವೆಯಾದರೂ ಕರೆಯಲು ಹೋಗುತ್ತಿದ್ದವಳು ಆಕೆಯೇ. ಆಕೆ ಹಣೆಗೆ ಕುಂಕುಮವಿಟ್ಟು ಕರೆದರೆ ಮುನಿಸಿಕೊಂಡ ಬೀಗರೂ ಬರುತ್ತಿದ್ದರು. ಆ ಮಾತಿಗೆ ಇದ್ದ ಬೆಲೆ ಆಕೆಗೆ ಗೊತ್ತಿತ್ತು. ಅದರ ಮೇಲೆ ಒಂದಿಷ್ಟು ಜಂಬವೂ ಇತ್ತು, ಇಲ್ಲವೆನ್ನುವುದೇಕೆ.

ಸೆಕ್ರೆಟರಿಗಳು ನಾಲ್ಕು ಮೂಲೆಗೂ ಅರಿಶಿನ ಹಚ್ಚಿಸಿದ ಅಚ್ಚಿನ ಕಾಗದಗಳನ್ನೂ ಮಂತ್ರಾಕ್ಷತೆಯ ಪೊಟ್ಟಣಗಳನ್ನೂ ಗಾಡಿಗೆ ತುಂಬಿಸಿದರು. ಅಕ್ಷತೆ ಜೊತೆಗಿದ್ದರೆ ಕಾಗದವನ್ನು ದೇವರ ಗೂಡಿನಲ್ಲಿಡುತ್ತಾರೆ, ಒಲೆಗೆ ಹಾಕುವುದಿಲ್ಲ ಎಂಬುದು ಅವರ ಯುಕ್ತಿ. "ಶಾಸ್ತ್ರೀಯ ಸಂಗೀತವನ್ನು ಆಲಿಸಿ ಆನಂದಿಸಿ ಅಂತ ಹೇಳ್ಬೇಕು ತಾಯಿ," ಎಂದು ಪಾಠವನ್ನೂ ಹೇಳಿಕೊಟ್ಟರು. ಆಕೆ ತಲೆಯಾಡಿಸಿದಳು.

ಒಂಬತ್ತು ದಿನ ಗಾಡಿ ತಿರುಗಿತು. ಪ್ರತಿ ಹೊಸ್ತಿಲಲ್ಲೂ ಲಕ್ಷ್ಮಿದೇವಮ್ಮ ಹೇಳಿದ್ದು ಒಂದೇ. "ಯಲಂಕದ ತೋಪ್ನಾಗೆ ಸೀರಾಮ್ನೌಮಿ. ಸಂಗೀತ ಐತೆ. ಮನೆಮಂದಿಯೆಲ್ಲ ಬರ್ಬೇಕು. ಅವತ್ತು ಒಲೆ ಅಚ್ಚಬ್ಯಾಡಿ."

ಕಡೆಯ ಮಾತನ್ನು ಹೇಳು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕೈಯಲ್ಲಿ ಕುಂಕುಮದ ಬಟ್ಟಲಿದ್ದರೆ ಇಪ್ಪತ್ತೆರಡು ವರ್ಷದ ನಾಲಿಗೆ ಅಲ್ಲಿಗೆ ಬಂದೇ ನಿಲ್ಲುತ್ತಿತ್ತು. ಊಟ ಉಂಟೋ ಇಲ್ಲವೋ ಎಂದು ಸಮಿತಿಯನ್ನು ಕೇಳಬೇಕೆಂದು ಆಕೆಗೆ ಹೊಳೆಯಲೇ ಇಲ್ಲ. ಕರೆದವರಿಗೆ ಅನ್ನ ಹಾಕುತ್ತೀರಾ ಎಂದು ಯಾರನ್ನಾದರೂ ಕೇಳುವುದುಂಟೇ? ಅದಕ್ಕಿಂತ ಅವಮಾನ ಇನ್ನೊಂದಿಲ್ಲ.

ಕಡೆಯ ದಿನ ಬಾಗಲಗುಂಟೆಗೆ ಹೋದಳು. ಅದು ಆಕೆಯ ತವರು. ದೊಡ್ಡ ಮಗಳ ಮದುವೆಯಾದ ಮೇಲೆ, ಅಂದರೆ ನಾಲ್ಕು ವರ್ಷದಿಂದ, ತವರಿನವರನ್ನು ಯಾವುದಕ್ಕೂ ಕರೆದಿರಲಿಲ್ಲ. ಎಪ್ಪತ್ತು ದಾಟಿದ ದೊಡ್ಡಮ್ಮ ದ್ರೌಪದಮ್ಮ ಅರಿಶಿನದ ಕಾಗದವನ್ನು ಕಣ್ಣಿಗೊತ್ತಿಕೊಂಡು, "ಸೀತಮ್ಮನ್ ಮದ್ವೆ ಒಂದ್ ನೋಡ್ಕಂಡ್ ಸಾಯ್ತೀನಿ ಬುಡು ಲಚ್ಮಿ," ಎಂದಳು. ಬಾಗಲಗುಂಟೆಯ ಬೀದಿಗೆ ಬೀದಿಯೇ ಅದನ್ನು ಸೀತಾರಾಮ ಕಲ್ಯಾಣವೆಂದು ತಿಳಿದುಕೊಂಡಿತು.

ರಾಮನವಮಿಯ ದಿನ ಸಂಜೆ ಐದಕ್ಕೆ ತೋಪಿನ ಪಕ್ಕದ ಬಯಲಿನಲ್ಲಿ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಆರುನೂರು ಜನವಾದರೂ ಬಂದಿದ್ದರು. ಪೆಟ್ಟಿಗೆಯ ಸೀರೆ ತೆಗೆದು ಉಟ್ಟ ಹೆಂಗಸರು, ತಲೆಗೆ ರುಮಾಲು ಸುತ್ತಿದ ಗಂಡಸರು, ಸೀತಮ್ಮನಿಗೆಂದು ರವಿಕೆಯ ಕಣ, ಬಳೆ, ತೆಂಗಿನಕಾಯಿ. "ನೋಡಿದಿರಾ ಜನರ ಕಲಾಭಿಮಾನ," ಎಂದು ಅನಂತಸ್ವಾಮಯ್ಯ ಪಕ್ಕದವರ ತೋಳು ಹಿಡಿದುಕೊಂಡರು. ಮುಂದಿನ ಸಾಲಿನಲ್ಲಿ ಪೇಟ ಸುತ್ತಿಕೊಂಡು, ಕೊರಳಿಗೆ ಹಾರ ಹಾಕಿಸಿಕೊಂಡು ಕೂತಿದ್ದ ಲಕ್ಕಣ್ಣ ಮೀಸೆಯ ಮೇಲೆ ಕೈಯಾಡಿಸಿದ.

ಲಕ್ಷ್ಮಿದೇವಮ್ಮನಿಗೂ ಹೊಟ್ಟೆ ತಣ್ಣಗಾಗಿತ್ತು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದಳು. ಅಷ್ಟರಲ್ಲಿ ದ್ರೌಪದಮ್ಮ ಸೊಂಟ ಹಿಡಿದುಕೊಂಡು ಗಾಡಿಯಿಂದಿಳಿದು ಕೇಳಿದಳು. "ಊಟ ಮುಂಚ್ಲೇನಾ, ತಾಳಿ ಕಟ್ಟಿದ್ ಮ್ಯಾಲಾ? ಬೆಳಗ್ಗೆ ಒಸಿ ತಂಗ್ಳು ಗಂಜಿ ಕುಡ್ದಿದ್ದು ಕಣವ್ವ. ನೀನು ಏಳಿದ್ಯಲ್ಲ ಅಂತ ಯಾರ್ ಮನೇಲೂ ಒಲೆ ಅಚ್ಚಿಲ್ಲ."

ಆಗ ಆಕೆ ಸುತ್ತ ತಿರುಗಿ ನೋಡಿದಳು. ತೋಪಿನಲ್ಲಿ ಎಲ್ಲೂ ಹೊಗೆಯಿಲ್ಲ. ಆರುನೂರು ಜನರ ಅಡಿಗೆಯಾಗುವ ಜಾಗದಲ್ಲಿ ಇರಬೇಕಾದ ಗಲಾಟೆಯಿಲ್ಲ. ಚಪ್ಪರದ ಹಿಂದಿನ ಚಾವಡಿಗೆ ಓಡಿದಳು. ಅಲ್ಲಿ ಮೂವರು ಅಡಿಗೆಭಟ್ಟರು ನಲವತ್ತು ಎಲೆ ಲೆಕ್ಕಕ್ಕೆ, ವಿದ್ವಾಂಸರಿಗೂ ಸಮಿತಿಯವರ ಮನೆಗಳಿಗೂ ಅಂತ, ಸಾರು ಪಾಯಸ ಮಾಡಿ ಮುಗಿಸಿದ್ದರು. ಪಕ್ಕದಲ್ಲಿ ಎರಡು ಕೊಪ್ಪರಿಗೆ ತುಂಬ ಕೋಸಂಬರಿಗೆ ನೆನೆಸಿದ ಹೆಸರುಬೇಳೆಯಿತ್ತು.

ಅನಂತಸ್ವಾಮಯ್ಯ ಹಿಂದೆಯೇ ಬಂದರು. ಆಕೆ ಕೇಳಿದಳು. ಅವರು ನಿಜವಾಗಿಯೂ ಆಶ್ಚರ್ಯಪಟ್ಟರು.

"ಊಟವೇ? ಕಾರ್ಯಕ್ರಮ ಪಟ್ಟಿಯಲ್ಲಿ ಎಲ್ಲೂ ಇಲ್ವಲ್ಲ ತಾಯಿ. ಪಾನಕ ಕೋಸಂಬರಿ ವಿನಿಯೋಗ ಇದೆ."

"ಬೊಗಸೆ ಕೋಸಂಬ್ರಿಗೆ ಬಾಗಲಗುಂಟೆಯಿಂದ ಗಾಡಿ ಕಟ್ಕಂಡ್ ಬಂದವ್ರಾ ಸ್ವಾಮಿ?"

"ಅವರು ಬಂದಿರೋದು ಸಂಗೀತಕ್ಕೆ."

ಪಾಪ, ಅವರು ಅದನ್ನು ಮನಸಾರೆ ನಂಬಿದ್ದರು. ಲಕ್ಷ್ಮಿದೇವಮ್ಮ ಚಪ್ಪರದ ಪಕ್ಕಕ್ಕೆ ಬಂದು ಗಂಡನಿಗೆ ಕೈಸನ್ನೆ ಮಾಡಿದಳು. ಲಕ್ಕಣ್ಣ ನೋಡಿದ. ಹಾರ ಸರಿಮಾಡಿಕೊಂಡು, ಸುಮ್ಮನಿರು ಎಂಬಂತೆ ಬೆರಳಾಡಿಸಿ ಮುಖ ತಿರುಗಿಸಿದ. ಆಕೆಗೆ ಮೈಯೆಲ್ಲ ಉರಿಯಿತು. ಇವನ ಒಂದು ಕುರ್ಚಿಗಾಗಿ ತಾನು ಏಳೂರು ಹೊಸ್ತಿಲು ತುಳಿದಿದ್ದಳು. ಈ ಜನ ಹಸಿದು ವಾಪಸು ಹೋದರೆ ನಾಳೆಯಿಂದ ಆಕೆಯ ಕುಂಕುಮಕ್ಕೆ ಯಾರು ಹಣೆ ಕೊಡುತ್ತಾರೆ? ತವರಿಗೆ ಯಾವ ಮುಖ ಹೊತ್ತು ಹೋಗುವುದು?

ಮೂರು ಗಾಡಿಗಳನ್ನು ಅಟ್ಟೂರಿಗೆ ಓಡಿಸಿದಳು. ಮನೆಯಲ್ಲಿ, ಓರಗಿತ್ತಿಯ ಮನೆಯಲ್ಲಿ, ಅಕ್ಕಪಕ್ಕದಲ್ಲಿ ಎಷ್ಟು ರಾಗಿಹಿಟ್ಟಿದೆಯೋ ಅಷ್ಟೂ, ಮದುವೆಗೆ ಇಳಿಸುವ ಪಾತ್ರೆಗಳ ಸಮೇತ ಬರಬೇಕೆಂದಳು. ಕೆರೆ ಕೆಳಗಿನ ತೋಟದಿಂದ ಸೊಪ್ಪು ಕೀಳಿಸಿದಳು. ಇನ್ನು ಬೇಳೆ. ನೇರ ಚಾವಡಿಗೆ ಹೋದಳು.

"ಅಲ್ಲೇ ನಿಲ್ಲಿಯಮ್ಮ, ಮಡಿ," ಎಂದರು ಹಿರಿಯ ಭಟ್ಟರು.

ಲಕ್ಷ್ಮಿದೇವಮ್ಮ ಬಳೆ ಮೇಲಕ್ಕೆ ಸರಿಸಿ ಒಂದು ಕೊಪ್ಪರಿಗೆಗೆ ಮೊಣಕೈವರೆಗೆ ಕೈ ಇಳಿಸಿದಳು. ಆಮೇಲೆ ಇನ್ನೊಂದಕ್ಕೂ ಇಳಿಸಿದಳು. "ಮುಟ್ಟಿದ್ದಾಯ್ತಲ್ಲ ಸ್ವಾಮಿ. ಇನ್ನ ಇದು ನಿಮಗ್ ಬರಾಕಿಲ್ಲ. ನನಗೇ ಇರ್ಲಿ."

ಭಟ್ಟರು ಕೊಪ್ಪರಿಗೆ ಬಿಟ್ಟು ಹಿಂದೆ ಸರಿದರು. ಶಾಸ್ತ್ರ ಆಕೆಯ ಕಡೆಗೇ ಇತ್ತು.

ತೋಪಿನ ಆಚೆ ಮಗ್ಗುಲಲ್ಲಿ ಐದು ಒಲೆ ಹೂಡಿದರು. ವಿಷಯ ತಿಳಿಯಲು ಹೊತ್ತು ಬೇಕಾಗಲಿಲ್ಲ. ಚಾಪೆಯ ಮೇಲಿದ್ದ ಹೆಂಗಸರು ಐದೈದು ಹತ್ತತ್ತು ಜನವಾಗಿ ಎದ್ದು ಬಂದು ಸೆರಗು ಸಿಕ್ಕಿಸಿದರು. ತಾನು ಕರೆದವರ ಕೈಯಲ್ಲೇ ಅಡಿಗೆ ಮಾಡಿಸುವುದೆಂದರೆ ಲಕ್ಷ್ಮಿದೇವಮ್ಮನಿಗೆ ಜೀವ ಹೋದಂತಾಯಿತು. ಬೇಡವೆಂದು ಅಡ್ಡ ನಿಂತಳು. ದ್ರೌಪದಮ್ಮ ಮುದ್ದೆ ತಿರುವುವ ಕೋಲನ್ನು ಕಿತ್ತುಕೊಂಡಳು. "ಬಡ್ಸೋದು ನಿನ್ ಕೈಯಾಗಿರ್ಲಿ ಮಗಾ. ತಿರುವೋದು ನಮಗ್ ಬುಡು." ಲಕ್ಷ್ಮಿದೇವಮ್ಮ ಒಲೆಯ ಮುಂದೆ ಕೂತು ಅತ್ತಳು. ಹೊಗೆಗೆ ಅಂದುಕೊಂಡರೆ ಅಂದುಕೊಳ್ಳಲಿ ಎಂದು ಕಣ್ಣನ್ನೂ ಒರೆಸಿಕೊಳ್ಳಲಿಲ್ಲ.

ಅತ್ತ ಚಪ್ಪರದಲ್ಲಿ ವಿದ್ವಾಂಸರು ಭೈರವಿಯನ್ನು ಬೆಳೆಸಿದ್ದೇ ಬೆಳೆಸಿದ್ದು. ಗಾಳಿ ಚಪ್ಪರದ ಕಡೆ ತಿರುಗಿದಾಗ ಸೊಪ್ಪಿನ ಸಾರಿನ ಒಗ್ಗರಣೆ ಅವರ ಮೂಗಿಗೆ ಹೊಡೆದು ಎರಡು ಸಲ ಕೆಮ್ಮಿದರು. ಉಳಿದ ಜನ ತಾಳ್ಮೆಯಿಂದ ಮುಹೂರ್ತಕ್ಕೆ ಕಾದಿದ್ದರು. ಪೀಠಿಕೆ ಇಷ್ಟು ಉದ್ದವಾದ ಮದುವೆ ಅವರು ಕಂಡಿರಲಿಲ್ಲ, ಆದರೆ ದೇವರ ಮದುವೆಗೆ ದೇವರ ಲೆಕ್ಕ. ಕಡೆಗೆ ಹಾಡುವುದು ನಿಂತು ಮೃದಂಗದವನೊಬ್ಬನೇ ನುಡಿಸತೊಡಗಿದ. ಅದು ಏರಿ ಏರಿ ಜೋರಾದಾಗ ಬಾಗಲಗುಂಟೆಯ ಕಡೆಯಿಂದ ಯಾರೋ "ಗಟ್ಟಿಮೇಳ" ಎಂದರು. ಅಷ್ಟೇ. ಅಷ್ಟೂ ಜನ ಎದ್ದು ನಿಂತು ಮಡಿಲಿನಿಂದ ಪೊಟ್ಟಣ ಬಿಚ್ಚಿ ವೇದಿಕೆಯ ಮೇಲೆ ಅಕ್ಷತೆ ಸುರಿದರು. ಮೃದಂಗದವನ ಜುಟ್ಟಿನಲ್ಲಿ, ಪಿಟೀಲಿನ ಹೊಟ್ಟೆಯಲ್ಲಿ, ವಿದ್ವಾಂಸರ ತೆರೆದ ಬಾಯಲ್ಲಿ ಅಕ್ಷತೆ. ನಲವತ್ತು ವರ್ಷದ ವೃತ್ತಿಯಲ್ಲಿ ಇಂಥ ರಸಿಕರನ್ನು ಕಂಡಿಲ್ಲವೆಂದು ವಿದ್ವಾಂಸರು ಕೈಮುಗಿದರು. ಅನಂತಸ್ವಾಮಯ್ಯ ಶಲ್ಯದಲ್ಲಿ ಕಣ್ಣೊತ್ತಿಕೊಂಡರು.

ಮದುವೆಯಾಯಿತಲ್ಲ, ಜನ ಊಟಕ್ಕೆ ಹೊರಟರು. ಮುತ್ತುಗದೆಲೆಯ ಮೇಲೆ ಮುದ್ದೆ, ಹೆಸರುಬೇಳೆಯ ಸೊಪ್ಪಿನ ಸಾರು. ಲಕ್ಷ್ಮಿದೇವಮ್ಮ ಒಂದು ಪಂಕ್ತಿಯನ್ನೂ ಬಿಡದೆ ತನ್ನ ಕೈಯಲ್ಲೇ ಬಡಿಸಿದಳು. ಸಮಿತಿಯವರು ಬಂದು ಇಣುಕಿ ನೋಡಿ ಚಾವಡಿಯ ಒಳಗೆ ತಮ್ಮ ಎಲೆಗಳಿಗೆ ಹೋದರು. ಅವರ ಊಟದಲ್ಲಿ ಕೋಸಂಬರಿ ಇರಲಿಲ್ಲವೆಂದು ಆಮೇಲೆ ಬಹಳ ಮಾತಾಯಿತಂತೆ.

ಪತ್ರಿಕೆಯಲ್ಲಿ ಗ್ರಾಮಾಂತರ ಜನರ ಸಂಗೀತದಾಹದ ಬಗ್ಗೆ ಎರಡು ಕಾಲಂ ಬಂತು. ಸಮಿತಿ ಸಭೆ ಸೇರಿ ಪ್ರಚಾರ ಉಪಸಮಿತಿಯ ನಾಲ್ವರನ್ನು ಅಭಿನಂದಿಸಿತು. ಲಕ್ಕಣ್ಣನಿಗೆ ಶಾಲು ಹೊದೆಸಿದರು. ಅವನು ಅದನ್ನು ಮನೆಗೆ ತಂದು ಹೆಂಡತಿಗೆ ತೋರಿಸಿದ. ಆಕೆ ರಾಗಿ ಮೂಟೆಯ ಮೇಲೆ ಹೊದಿಸು ಎಂದಳು.

ಮರುವರ್ಷ ಹಬ್ಬಕ್ಕೆ ಒಂದು ತಿಂಗಳಿದೆ ಅನ್ನುವಾಗ ಅನಂತಸ್ವಾಮಯ್ಯನವರೂ ಇನ್ನು ಮೂವರೂ ಜಟಕಾ ಮಾಡಿಕೊಂಡು ಅಟ್ಟೂರಿಗೆ ಬಂದರು. ಬೆಳ್ಳಿ ತಟ್ಟೆಯಲ್ಲಿ ಕುಂಕುಮ, ಹೊಸ ಕಾಗದದ ಕಟ್ಟು. ಈ ಸಲ ಒಂಬತ್ತು ದಿನದ ಉತ್ಸವ. "ತಾವು ದೊಡ್ಡ ಮನಸ್ಸು ಮಾಡಿ ಮತ್ತೆ ಕರೀಬೇಕು ತಾಯಿ. ಊಟದ ಏರ್ಪಾಡೂ ಹೋದ ಸಲದ ಹಾಗೇ ತಮ್ಮದೇ ಆದ್ರೆ ಚೆನ್ನ."

"ಆಗ್ಲಿ ಸ್ವಾಮಿ. ಈಗ ಏಳಿ, ಊಟದೊತ್ತು. ಎಲೆ ಆಕ್ಸಿದೀನಿ."

ಜಗುಲಿಯ ಮೇಲೆ ನಾಲ್ಕು ಎಲೆ ಹಾಕಿತ್ತು. ನಾಲ್ವರೂ ಎಲೆಗಳನ್ನು ನೋಡಿದರು.

"ಇವತ್ತು ಏಕಾದಶಿ," ಎಂದರು ಒಬ್ಬರು.

"ಏಕಾದ್ಸಿ ಮೊನ್ನೆ ಆಯ್ತಲ್ಲ."

ಇನ್ನೊಬ್ಬರಿಗೆ ವಾಯು. ಮೂರನೆಯವರಿಗೆ ಮನೆಯಲ್ಲಿ ಕಾಯುತ್ತಿದ್ದರು. ಅನಂತಸ್ವಾಮಯ್ಯ, ಬಾಳೆಹಣ್ಣಾದರೆ ಆಗಬಹುದು ಎಂದರು. ಲಕ್ಷ್ಮಿದೇವಮ್ಮ ಬಾಳೆಹಣ್ಣು ತಂದುಕೊಟ್ಟಳು. ಅವರು ತಿಂದು ಮುಗಿಸಿದರು. ಆಮೇಲೆ ಬೆಳ್ಳಿ ತಟ್ಟೆಯನ್ನು ಎತ್ತಿ ಅವರ ಕೈಗೇ ಇಟ್ಟಳು.

"ನಾನು ಕರೆದೋರೆಲ್ಲ ನನ್ ಜೊತೆ ಉಂಡೋರು ಸ್ವಾಮಿ. ನಮ್ಮನೇಲಿ ಉಣ್ಣಕ್ಕಾಗ್ದೋರ ಪರವಾಗಿ ಯಾರ್ ಮನೆಗ್ ಓಗ್ಲಿ? ಈ ಸಲ ನಿಮ್ಮನೆ ಅಮ್ಮನೋರು ಬಂದು ನನ್ನ ಕರೀಲಿ. ಬತ್ತೀನಿ. ನಿಮ್ ಪಂಕ್ತೀಲಿ ನನಗೂ ನಮ್ ದೊಡ್ಡಮ್ಮಂಗೂ ಎಲೆ ಆಕ್ತಾರಾ, ಕೇಳ್ಕಂಡ್ ಬನ್ನಿ."

ಅನಂತಸ್ವಾಮಯ್ಯ ಕೆಟ್ಟ ಮನುಷ್ಯರಲ್ಲ. "ಸಮಿತಿಯ ಮುಂದೆ ಇಡ್ತೀನಿ ತಾಯಿ," ಎಂದರು.

ನಾಲ್ವರೂ ಹೋಗಿ ಜಟಕಾದಲ್ಲಿ ಕೂತರು. ಗಾಡಿ ಹೊರಡಲಿಲ್ಲ. ಜಟಕಾ ಹೊಡೆಯುವ ಮುಜಫ್ಫರನನ್ನು ಲಕ್ಷ್ಮಿದೇವಮ್ಮ ಕೂಗಿ ಕರೆದಿದ್ದಳು. ಅವನು ಕೈತೊಳೆದುಕೊಂಡು ಜಗುಲಿಯಲ್ಲಿ ಮೊದಲನೇ ಎಲೆಯ ಮುಂದೆ ಕೂತಿದ್ದ. ಅವರು ಬಿಸಿಲಿನಲ್ಲಿ ಕೂತು ನೋಡುತ್ತಿದ್ದಂತೆಯೇ, ಅವನು ಒಂದು ಮುದ್ದೆ ಮುಗಿಸಿ ಇನ್ನರ್ಧ ಹಾಕಿ ಎಂದು ಕೇಳಿದ.